ಬಂದ್ ಐತಿ ಅಂದಿದ್ದೆ

ನನಗೆ ಹೆಸರು ತಂದುಕೊಟ್ಟ ಕೃತಿಯಲ್ಲಿ ಅಳುವ ಹೆಂಗಸು ನನ್ನ ದೊಡ್ಡವ್ವ. ಅವಳನ್ನು ಕೇಳದೆ ಆ ಅಳುವನ್ನು ರೆಕಾರ್ಡರಿನಲ್ಲಿ ತುಂಬಿಕೊಂಡೆ. ಕೇಳದೆ ಎನ್ನುವುದೂ ಪೂರ್ತಿ ಖರೆಯಲ್ಲ — ಅವಳೇ ನನ್ನನ್ನು ಕೇಳಿದ್ದಳು. ನಾನು ಸುಳ್ಳು ಹೇಳಿದ್ದೆ.

ನೀವು ಅದನ್ನು ನೋಡಿರಬಹುದು. ಕತ್ತಲೆ ಕೋಣೆ, ನಡುವೆ ಬರಿದಾದ ಒಂದು ಹೊರಸು, ನೆಲದ ತುಂಬ ಭತ್ತದ ಹೊಟ್ಟು. ಎದುರಿನ ಬಿಳಿ ಬಟ್ಟೆಯ ಮೇಲೆ ಕಾಲುವೆ ನೀರು ಹರಿಯುವ ವಿಡಿಯೊ. ಹೊಟ್ಟಿನಲ್ಲಿ ನಾನು ಅಲುಗದೆ ಕೂತಿರುತ್ತೇನೆ. ಮೇಲಿನಿಂದ ಒಂದು ಹೆಣ್ಣು ದನಿ ಬರುತ್ತಿರುತ್ತದೆ. ಕೃತಿಯ ಹೆಸರು ‘ಉಂಡೀಯೇನು?’. ಎಷ್ಟೋ ಊರುಗಳಲ್ಲಿ ಹಾಗೆ ಕೂತು ಎದ್ದಿದ್ದೇನೆ. ಹೊಟ್ಟು ಮೈಗೆ ಹತ್ತಿ ತುರಿಸುತ್ತದೆ, ತೊಳೆದರೂ ಎರಡು ದಿನ ಹೋಗುವುದಿಲ್ಲ. ಮುಗಿದ ಮೇಲೆ ಮಾತುಕತೆ. ಈ ದನಿ ಯಾರದು ಎಂದು ಒಬ್ಬರಾದರೂ ಕೇಳುತ್ತಾರೆ. “ನಮ್ಮ ಕಡೆಯ ಎಲ್ಲ ಹೆಂಗಸರದು” ಎನ್ನುತ್ತೇನೆ. ಚಪ್ಪಾಳೆ. ಆ ಉತ್ತರ ಹೇಳಿ ಹೇಳಿ ನನ್ನ ಬಾಯಿ ದಣಿದಿದೆ.

ನಾನು ಜವಳಗೇರಾದವಳು. ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದ ಅವ್ವನ ಮಗಳು. ನಮ್ಮ ಬಳಗದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಈ ಮಾತನ್ನು ಈಗಲೂ ತಲೆ ಎತ್ತಿಯೇ ಬರೆಯುತ್ತೇನೆ. ಅದನ್ನು ನನಗೆ ಯಾರೂ ದಾನ ಕೊಟ್ಟಿದ್ದಲ್ಲ. ಆದರೆ ಆ ಓದಿನ ಕೊನೆಯ ವರ್ಷ ಮಾಡಿದ ಕೃತಿ — ಅದು ನನ್ನದು ಎನ್ನಲು ಬರುವುದಿಲ್ಲ.

ದೊಡ್ಡವ್ವ ನಿಂಗವ್ವ, ಅವ್ವನ ಅಕ್ಕ. ಗುರುಗುಂಟಾಕ್ಕೆ ಕೊಟ್ಟಿದ್ದರು. ಸುತ್ತ ಎಲ್ಲಿ ಸಾವಾದರೂ ಅವಳು ಬಂದಳೋ ಇಲ್ಲವೋ ಎಂದು ಬಾಗಿಲ ಕಡೆ ನೋಡುತ್ತಿದ್ದರು. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಅವಳಂತೆ ಹಾಡಿ ಅಳುವವರು ಇನ್ನೊಬ್ಬರಿರಲಿಲ್ಲ. ಪಕ್ಕದ ಮನೆಯ ಮುದುಕಿ ಬದುಕಿದ್ದಾಗಲೇ ಸರದಿ ಹಚ್ಚುತ್ತಿದ್ದಳು: “ನಾ ಸತ್ತಾಗ ಬರ್ತೀಯಿಲ್ಲೊ ನಿಂಗವ್ವಾ? ನನ್ನ ಸೊಸಿ ಅತ್ತರ ನಾಯಿ ಬೊಗಳಿದಂಗ ಇರ್ತೈತಿ.” ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು: “ಮೊದಲ ನೀ ಸಾಯಿಬೇ, ಆಮ್ಯಾಲ ನೋಡೋಣು.”

ಆ ಅಳುವಿಗೆ ಒಂದು ಕಟ್ಟಳೆ ಇದೆ. ಬದುಕಿನಲ್ಲಿ ಬಾಯಿ ಬಿಡಲಾಗದ್ದನ್ನೆಲ್ಲ ಹೆಂಗಸರು ಅಲ್ಲಿ ಬಿಡುತ್ತಾರೆ — ಅತ್ತೆ ಹಾಕಿದ ಬರೆ, ಗಂಡನ ಹೊಡೆತ, ಹಸಿದು ಮಲಗಿದ್ದು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಮಣ್ಣು ಮಾಡಿ ಬಂದು ತಲೆಯ ಮೇಲೆ ನೀರು ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು. ಅತ್ತಾಗ ಬಂದ ಮಾತನ್ನು ಮರುದಿನ ಯಾರೂ ಎತ್ತುವುದಿಲ್ಲ. ಎತ್ತಿದವರನ್ನೇ ಜನ ಉಗಿಯುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯುವ ದಾರಿ ನನಗಿಲ್ಲ.

ದೊಡ್ಡವ್ವನ ಬಾವ, ಎಂದರೆ ಅವಳ ಗಂಡನ ಅಣ್ಣ, ತೀರಿಕೊಂಡಾಗ ನಾನು ರಜೆಗೆ ಬಂದಿದ್ದೆ. ಕಾಲುವೆಯ ಸದ್ದು ಹಿಡಿಯಲೆಂದು ಕಾಲೇಜಿನಿಂದ ತಂದಿದ್ದ ಸಣ್ಣ ರೆಕಾರ್ಡರ್ ಜೊತೆಗಿತ್ತು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ದೊಡ್ಡವ್ವ ಕೂತಳು, ಸೆರಗು ಎಳೆದುಕೊಂಡಳು, ಇನ್ನೇನು ದನಿ ತೆಗೆಯಬೇಕು — ನನ್ನ ಕಡೆ ನೋಡಿದಳು.

“ಯವ್ವಾ, ಅದೇನೋ ಮಷೀನ್ ಹಿಡಕೊಂಡೀಯಲ್ಲ, ಬಂದ್ ಐತಿಲ್ಲೊ?”

“ಬಂದ್ ಐತಿ ದೊಡ್ಡವ್ವಾ.”

ಓಢಣಿಯ ಒಳಗೆ ಕೆಂಪು ದೀಪ ಉರಿಯುತ್ತಿತ್ತು.

ಅವಳು ಅತ್ತಳು. “ಸೆರಗ ಮರೀಲಿ ನಿಂತಾಕಿನ್ನ ಉಂಡೀಯೇನವಾ ಅಂತ ಕೇಳಿದಾತ ನೀನೊಬ್ಬಾನೋ ನನ್ನ ಬಾವಾ... ಕಟಗೊಂಡಾವ ಒಂದಿನಾನೂ ಕೇಳಲಿಲ್ಲೋ...” ಕಟ್ಟಿಕೊಂಡವನು, ನನ್ನ ದೊಡ್ಡಪ್ಪ, ಹೊರಗೆ ಕಟ್ಟೆಯ ಮೇಲೆಯೇ ಇದ್ದ. ತಲೆ ತಗ್ಗಿಸಿದ. ಸಂಜೆ ಅವಳು ಬಡಿಸಿದ್ದನ್ನು ಸುಮ್ಮನೆ ಉಂಡ. ಮುಗಿದಿತ್ತು. ಅಲ್ಲಿಗೇ ಮುಗಿಯಬೇಕಾಗಿತ್ತು.

ಕಾಲೇಜಿಗೆ ಹೋಗಿ ತುಂಬಿಕೊಂಡದ್ದನ್ನು ಕತ್ತರಿಸಲು ಕೂತೆ. ಬಾವ ಓಣಿಯವರಿಗೆಲ್ಲ ಆಗುತ್ತಿದ್ದದ್ದು, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತದ್ದು, ದನಗಳನ್ನು ಹೆಸರಿಟ್ಟು ಕರೆಯುತ್ತಿದ್ದದ್ದು — ಎಲ್ಲ ತೆಗೆದೆ. ಉದ್ದವಾಗುತ್ತದೆ ಅನಿಸಿತು. ಉಳಿದ ಹೆಂಗಸರ ದನಿಯನ್ನೂ ತೆಗೆದೆ. ‘ನೀನೊಬ್ಬಾನೋ ನನ್ನ ಬಾವಾ’ ಎಂಬುದನ್ನು ಉಳಿಸಿಕೊಂಡು, ಎಲ್ಲೋ ಕೊನೆಗೆ ಬಂದಿದ್ದ ‘ನನ್ನೂ ಕರಕೊಂಡು ಹೋಗೋ’ ಎಂಬುದನ್ನು ತಂದು ಅದರ ಬೆನ್ನಿಗೆ ಹಚ್ಚಿದೆ. ಕರಕೊಂಡು ಹೋಗು ಎಂದು ಯಾವ ಹೆಣದ ಮುಂದೆಯೂ ಎಲ್ಲ ಹೆಂಗಸರೂ ಅಳುತ್ತಾರೆ. ಅದಕ್ಕೆ ಬೇರೆ ಅರ್ಥವಿಲ್ಲ. ಆದರೆ ಎರಡನ್ನೂ ಜೋಡಿಸಿ ಕೇಳಿದಾಗ ನನ್ನ ಮೈ ಜುಂ ಅಂದಿತು. ಆ ಜುಂ ಎಂದದ್ದನ್ನೇ ಕಲೆ ಅಂದುಕೊಂಡೆ.

ಕೃತಿ ಗೆದ್ದಿತು. ಅದರ ಹಿಂದೆ ಬೇರೆ ಕೃತಿಗಳು, ಬೇರೆ ಊರುಗಳು. ಕೆಲವು ವರ್ಷಗಳ ನಂತರ ನೋಡಲು ಬಂದವರು ಯಾರೋ ಈ ಕೃತಿಯ ಒಂದು ತುಣುಕನ್ನು ಫೋನಿನಲ್ಲಿ ಹಿಡಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹರಿದು ಮಸ್ಕಿ ಮುಟ್ಟಿತು. ಮಸ್ಕಿಯಲ್ಲಿ ದೊಡ್ಡವ್ವನ ಮಗ ಬಸವರಾಜನ ಗೊಬ್ಬರದ ಅಂಗಡಿ. ಅಂಗಡಿಯ ಮುಂದೆಯೇ ಯಾರೋ ಹಚ್ಚಿ ಕೇಳಿಸಿದರಂತೆ: “ಬಸಣ್ಣಾ, ಇದು ನಿಮ್ಮವ್ವನ ದನಿ ಹೌದಿಲ್ಲೊ? ಬಾವನ ಮ್ಯಾಲ ಭಾಳ ಜೀವ ಇತ್ತೇನಪಾ.” ಅವನು ಅಂಗಡಿ ಮುಚ್ಚಿ ಊರಿಗೆ ಬಂದು ತಾಯಿಗೆ ಹೇಳಿದ್ದು ಒಂದೇ ಮಾತು: “ಇನ್ನ ನೀ ಯಾರ ಮಣ್ಣಿಗೂ ಹೋಗಬ್ಯಾಡ.” ದೊಡ್ಡಪ್ಪ ಅವಳ ಕೈಯ ಊಟ ಬಿಟ್ಟ. ಸೊಸೆ ಬಡಿಸಿದರೆ ಉಣ್ಣುತ್ತಾನೆ.

ಆಗ ದೊಡ್ಡವ್ವ ನನಗೆ ಫೋನು ಮಾಡಿಸಿದಳು.

“ಯವ್ವಾ, ಮೊಬೈಲ್‌ನ್ಯಾಗ ನನ್ನ ದನಿ ಬರಾಕತ್ತೈತಿ. ನೀ ತುಂಬಿದ್ದಲ್ಲ ಹೌದಿಲ್ಲೊ?”

“ಅಲ್ಲ ದೊಡ್ಡವ್ವಾ. ಮಣ್ಣಿಗೆ ಬಂದೋರು ಯಾರರ ತುಂಬಿರಬೇಕು.”

“ಇರಲಿ ಬಿಡು. ನೀ ಉಂಡೀಯೇನು?” ಅಂದಳು.

ಉಂಡಿದ್ದೇನೆ ಅಂದೆ. ಮತ್ತೆ ಆ ಹೊಟ್ಟಿನಲ್ಲಿ ಹೋಗಿ ಕೂತೆ. ಅದಾದ ಮೇಲೂ ಎಷ್ಟು ಸಲ —

ಹೋದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಮಗ ಬೇಡವೆಂದರೂ ಕೇಳದೆ ದೊಡ್ಡವ್ವ ಜವಳಗೇರಾಕ್ಕೆ ಬಂದಳು. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು, ಅಳುವವರೂ ದನಿ ತಗ್ಗಿಸಿ ಕಾದರು. ಅವಳು ತಂಗಿಯ ಗಲ್ಲ ಸವರಿದಳು. ಸೆರಗು ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಈಗರ ಖರೇನ ಬಂದ್ ಐತೇನವಾ?”

ಅವಳಿಗೆ ಗೊತ್ತಿತ್ತು. ಫೋನು ಮಾಡಿದ ದಿನವೇ ಗೊತ್ತಿತ್ತು — ನನ್ನ ಬಾಯಿಂದ ಬರಲಿ ಎಂದು ಕೇಳಿದ್ದಳು, ಅಷ್ಟೇ.

ನನ್ನ ಫೋನನ್ನು ಪೂರ್ತಿ ಆರಿಸಿ ಅವಳ ಉಡಿಯಲ್ಲಿಟ್ಟೆ. ಆ ಕರಿ ಗಾಜನ್ನು ಒಂದು ಸಲ ನೋಡಿ ಪಕ್ಕಕ್ಕೆ ಸರಿಸಿದಳು. “ಅವತ್ತೂ ಬಂದ್ ಐತಿ ಅಂದಿದ್ದೆಲ್ಲ” ಎಂದಳು, ನನಗಷ್ಟೇ ಕೇಳುವಂತೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ದನಿ ಬರಲಿಲ್ಲ. ಪಕ್ಕದಲ್ಲಿದ್ದವಳೊಬ್ಬಳು ಅಂದೇ ಬಿಟ್ಟಳು: “ಏನ್ ನಿಂಗವ್ವಾ, ಊರ ಮಂದಿಗೆಲ್ಲಾ ಅತ್ತಾಕಿ, ಒಡಹುಟ್ಟಿದಾಕಿಗೆ ಒಂದು ಮಾತಿಲ್ಲಾ?” ದೊಡ್ಡವ್ವ ನನ್ನನ್ನು ತೋರಿಸಲಿಲ್ಲ. ಎಲ್ಲರ ಮುಂದೆ ಆ ಮಾತನ್ನು ನುಂಗಿಕೊಂಡಳು. ನಾನೂ ಬಾಯಿ ಬಿಡಲಿಲ್ಲ. ನನ್ನ ಅವ್ವ ಹಾಗೆಯೇ ಮಣ್ಣಿಗೆ ಹೋದಳು.

ಕೃತಿಯನ್ನು ಇನ್ನು ತೋರಿಸುವುದಿಲ್ಲ ಎಂದು ಕರೆದವರಿಗೆಲ್ಲ ತಿಳಿಸಿದ್ದೇನೆ. ಅದು ದೊಡ್ಡ ಕೆಲಸವೇನಲ್ಲ, ಹೇಗೂ ದಣಿದಿದ್ದೆ. ಮಾಡಬೇಕಾದ ಕೆಲಸ ಬೇರೆ ಇದೆ. ದೊಡ್ಡಪ್ಪ ಇನ್ನೂ ಸೊಸೆಯ ಕೈಯಲ್ಲೇ ಉಣ್ಣುತ್ತಾನೆ.

ನಾಳೆ ಸಿಂಧನೂರಿನಿಂದ ಮೊದಲ ಬಸ್ಸು ಹಿಡಿಯುತ್ತೇನೆ. ಮಸ್ಕಿಯಲ್ಲಿ ಇಳಿದು ಬಸವರಾಜನಿಗೆ ಅವನ ಅಂಗಡಿಯ ಮುಂದೆಯೇ ಹೇಳುತ್ತೇನೆ. ಅಲ್ಲಿಂದ ಲಿಂಗಸುಗೂರು, ಆಮೇಲೆ ಗುರುಗುಂಟಾ. ಕಟ್ಟೆಯ ಮೇಲೆ ಗಂಡಸರೆಲ್ಲ ಕೂತಿರುವಾಗ ದೊಡ್ಡಪ್ಪನ ಮುಂದೆ ನಿಂತು ಹೇಳುತ್ತೇನೆ: ಮಷೀನು ನನ್ನದು, ಆ ಎರಡು ಮಾತನ್ನು ಜೋಡಿಸಿದವಳು ನಾನು, ಅವಳು ಹಾಗೆ ಅತ್ತಿರಲಿಲ್ಲ. ಇದನ್ನೂ ಒಂದು ಪ್ರದರ್ಶನ ಮಾಡಿಬಿಡಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ — ಅಳಬಾರದು, ಎಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು, ಅವರು ಅನ್ನುವುದನ್ನು ನಿಂತು ಕೇಳಬೇಕು.

ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ದೊಡ್ಡವ್ವ ನಂಬಲಿ ಎಂದಲ್ಲ. ಅವಳು ನಂಬುವ ಕಾಲ ಅವ್ವನ ಜೊತೆಗೇ ಹೋಯಿತು.