ರಾಣಿ ಬಾಯಿಬಿಡದ ಪೀರಿಯಡ್ಡು

ನಾನು ಆಟದ ಮೇಷ್ಟ್ರು. ಸೀಟಿ ಊದುವುದು, ಗದರುವುದು, ಚೆಂಡಿಗೆ ಗಾಳಿ ತುಂಬುವುದು ನನ್ನ ಕಸುಬು. ನಾಟಕಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಆದರೂ ನಮ್ಮ ಶಾಲೆಯ ಸಾಹಿತ್ಯದ ಮೇಡಂ ಬಗ್ಗೆ ನಾನೇ ಬರೆಯಬೇಕು. ಅವರ ತರಗತಿಯ ಕಿಟಕಿ ನನ್ನ ಮೈದಾನಕ್ಕೆ ತೆರೆಯುತ್ತದೆ, ನನಗೋ ಕದ್ದು ಕೇಳುವ ಚಾಳಿ.

ಮಕ್ಕಳು ಅವರಿಗಿಟ್ಟ ಅಡ್ಡಹೆಸರು ‘ಏನ್ಬೇಕು ಮೇಡಂ’. ಅದು ಅವರಿಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ. ಅವರ ತಂದೆ ದರ್ಜಿ. ಹುಡುಗಿಯಾಗಿದ್ದಾಗ ಮೇಡಂ ಅಂಗಡಿಯ ಮೂಲೆಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದರಂತೆ. ಬಂದವರು ಬಾಗಿಲಲ್ಲೇ ಆರೋಗ್ಯ ವಿಚಾರಿಸತೊಡಗಿದರೆ ಅಪ್ಪ ಮೆಲ್ಲಗೆ, “ಇವರ ಬಟ್ಟೆ ಮೇಲಿಡಮ್ಮ, ನಾಳೆಗೇ ಬೇಕು ಅಂತಾರೆ ನೋಡು” ಎನ್ನುತ್ತಿದ್ದರಂತೆ. ಬಂದವರು ಕೊನೆಗೆ ಹಾಗೆಯೇ ಅನ್ನುತ್ತಿದ್ದರು. ಮಾತು ಒಂದು, ಬೇಕಾಗಿರುವುದು ಇನ್ನೊಂದು ಎಂಬ ಪಾಠವನ್ನು ಮೇಡಂ ಅಲ್ಲೇ ಕಲಿತರು.

ಒಂಬತ್ತನೇ ತರಗತಿಗೆ ಒಂದು ಹಳೆಯ ನಾಟಕವಿದೆ. ಭಾಷೆ ಕಬ್ಬಿಣದ ಕಡಲೆ. ರಾಜ ಕುಡಿದ ಅಮಲಿನಲ್ಲಿ ಕೋಟೆಯ ಬಾಗಿಲು ತೆರೆಸುತ್ತಾನೆ, ಶತ್ರುಗಳು ನುಗ್ಗುತ್ತಾರೆ. ಬೆಳಗಾದರೆ ರಾಜನಿಗೆ ಏನೂ ನೆನಪಿಲ್ಲ. ಅಪವಾದ ಅವನ ತಮ್ಮನ ತಲೆಗೆ ಬರುತ್ತದೆ. ನಿಜ ಬಲ್ಲವಳು ರಾಣಿ ಒಬ್ಬಳೇ. ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಮೈದುನ ಗಡಿಪಾರು. ತುಂಬಿದ ಸಭೆಯಲ್ಲಿ ರಾಜ ಮತ್ತೆ ಮತ್ತೆ ಕೇಳುತ್ತಾನೆ. ಪುಸ್ತಕದಲ್ಲಿ ಪ್ರತಿ ಸಲವೂ ಇರುವುದು ಇಷ್ಟೇ: ‘ರಾಣಿ ಸುಮ್ಮನಿರುತ್ತಾಳೆ.’

ಹಿಂದಿದ್ದ ಮೇಷ್ಟ್ರು ಪದ ಪದಕ್ಕೂ ಅರ್ಥ ಬರೆಸುತ್ತಿದ್ದರು. ಅವರ ಕಾಲದ ಗೊರಕೆ ನನ್ನ ಮೈದಾನದವರೆಗೂ ಕೇಳುತ್ತಿತ್ತು. ಏನ್ಬೇಕು ಮೇಡಂ ಅರ್ಥ ಹೇಳುವುದೇ ಇಲ್ಲ. ಒಂದು ದಿನ ತಡವಾಗಿ ಬಂದವನೊಬ್ಬ ಬಾಗಿಲಲ್ಲಿ ನಿಂತು, “ಮೇಡಂ, ನಿಮ್ಮ ಪಾಠ ತಪ್ಪಿಹೋಗುತ್ತೆ ಅಂತ ಓಡ್ಕೊಂಡು ಬಂದೆ” ಎಂದ.

“ಬೆಣ್ಣೆ ಸಾಕು. ನಿಂಗೆ ಏನ್ಬೇಕು?”

“ಒಳಗೆ ಬರ್ಬೇಕು ಮೇಡಂ.”

“ನಾಟಕದ ಮಂತ್ರಿಗೂ ರಾಜನ ಮನಸ್ಸಿನೊಳಗೆ ಬರ್ಬೇಕು. ತಗೋ, ಇದೇ ದನಿಯಲ್ಲಿ ಅವನ ಮಾತು ಓದು.”

ಹುಡುಗ ಓದಿದ. ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಪಾತ್ರಗಳಿಗಾಗಿ ಕಿತ್ತಾಟ ಶುರುವಾಯಿತು. ಪದಗಳ ಅರ್ಥವನ್ನು ಮಕ್ಕಳೇ ಹುಡುಕಿಕೊಂಡು ಬರತೊಡಗಿದರು. ಅರ್ಥ ಗೊತ್ತಿಲ್ಲದೆ ಜಗಳವಾಡುವುದು ಹೇಗೆ?

ಇದು ನಮ್ಮ ಹೆಡ್‌ಮಾಸ್ಟರ ಕಣ್ಣಿಗೆ ಬೀಳಲಿಲ್ಲ, ಗಲಾಟೆ ಮಾತ್ರ ಕಿವಿಗೆ ಬಿತ್ತು. “ಮೇಡಂ, ಈ ಹಳೇ ನಾಟಕ ಯಾರಿಗೆ ಬೇಕು? ಆ ಪೀರಿಯಡ್ಡಲ್ಲಿ ಪರೀಕ್ಷೆ ಪ್ರಶ್ನೆ ಬರೆಸಿಬಿಡಿ” ಎಂದರು.

“ಒಂದ್ಸಲ ಬಂದು ಕೂತ್ಕೊಳ್ಳಿ ಸಾರ್. ಆಮೇಲೂ ಬೇಡ ಅನಿಸಿದ್ರೆ ನಾನೇ ನಿಲ್ಲಿಸ್ತೀನಿ” ಎಂದರು ಮೇಡಂ. ನಗುತ್ತಲೇ ಹೇಳಿದರು, ಆದರೆ ಆಮೇಲೆ ಸ್ಟಾಫ್ ರೂಮಿನಲ್ಲಿ ಅವರ ಕೈಯಲ್ಲೇ ಚಹಾ ಆರಿಹೋಯಿತು.

ಹೆಡ್‌ಮಾಸ್ಟರು ಒಪ್ಪಿದರು. ಅವರು ಬರುವ ದಿನಕ್ಕೆ ಮಕ್ಕಳು ಆರಿಸಿದ್ದು ಸಭೆಯ ದೃಶ್ಯವನ್ನೇ. ರಾಣಿ ಯಾರು ಅಂತೀರಿ? ಶಾಲೆಯೆಲ್ಲ ‘ರೇಡಿಯೋ’ ಎಂದು ಕರೆಯುವ ವಾಚಾಳಿ ಹುಡುಗಿ! ಅವಳ ಮುಖ ಊದಿಕೊಂಡಿತ್ತು. “ನಂಗೆ ಒಂದೇ ಒಂದು ಮಾತೂ ಇಲ್ವಲ್ಲ ಮೇಡಂ!”

“ರಾಣಿಗೆ ಏನ್ಬೇಕು?”

“ಮೈದುನ ಉಳೀಬೇಕು. ಗಂಡನ ಮರ್ಯಾದೇನೂ ಉಳೀಬೇಕು.”

“ಹಾಗಾದ್ರೆ ರಾಜ ಕೇಳಿದಾಗ ಏನಂತೀಯ? ಹೇಳು.”

ರೇಡಿಯೋ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಆಮೇಲೆ ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ನಾನು ತಡೆಯಲಾರದೆ ಕಿಟಕಿಯೊಳಗೆ ತಲೆ ಹಾಕಿದೆ. “ತಲೆ ಕೆಟ್ಟಿದ್ಯಾ ಮೇಡಂ? ಹೆಡ್‌ಮಾಸ್ಟರು ಬರೋ ದಿನ ಮಾತಿಲ್ಲದ ರಾಣಿನಾ? ಯುದ್ಧದ ದೃಶ್ಯ ಮಾಡಿಸಿ, ಕೋಲು ನಾನು ಕೊಡ್ತೀನಿ.”

“ನೀವು ಬೆಂಚು ಸರಿಸಿಕೊಡಿ ಮೇಷ್ಟ್ರೇ, ಸಾಕು.”

ಆ ದಿನ ಬೆಂಚುಗಳನ್ನು ಗೋಡೆಗೆ ಸರಿಸಿ ನಾನೂ ಅಲ್ಲೇ ಉಳಿದೆ. ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಗಡಿಯಾರ ನೋಡುತ್ತ ಕುಳಿತರು. ಹಿಂದಿನ ಕತೆ ತಿಳಿಯಲೆಂದು ಮೊದಲು ರಾಜ ತೂರಾಡುತ್ತ ಬಾಗಿಲು ತೆರೆಸಿದ. ಹೆಡ್‌ಮಾಸ್ಟರು ಗಡಿಯಾರ ಬಿಟ್ಟು ಅವನನ್ನು ನೋಡಿದರು. ನಂತರ ಸಭೆ ಸೇರಿತು. ರಾಜನ ತಮ್ಮ ತಲೆ ತಗ್ಗಿಸಿ ನಿಂತ. ಮಂತ್ರಿ ಬೆಣ್ಣೆ ಹಚ್ಚಿದ. ರಾಜ ರಾಣಿಯ ಕಡೆ ತಿರುಗಿ, “ದೇವಿ, ನೀನು ಕಂಡದ್ದೇನು?” ಎಂದ.

ರೇಡಿಯೋ ಗಂಡನನ್ನು ನೋಡಿದಳು, ಮೈದುನನನ್ನು ನೋಡಿದಳು. ಸೀರೆಯ ಬದಲು ಹೊದ್ದಿದ್ದ ಮೇಜಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ರಾಜ ಮತ್ತೆ ಕೇಳಿದ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ರಾಜ ಮತ್ತೊಮ್ಮೆ ಕೇಳಿದ.

“ಹೇಳಮ್ಮಾ! ಹೆದರಬೇಡ! ಬಾಗಿಲು ತೆರೆಸಿದ್ದು ಇವನೇ ಅಂತ ಹೇಳಿಬಿಡು!”

ಕೂಗಿದ್ದು ಹೆಡ್‌ಮಾಸ್ಟರು. ಎದ್ದು ನಿಂತಿದ್ದರು. ಬೆರಳು ರಾಜನ ಕಡೆಗಿತ್ತು.

ಇಡೀ ತರಗತಿ ಹಿಂದಕ್ಕೆ ತಿರುಗಿತು. ರಾಜನಾಗಿದ್ದ ಹುಡುಗ ಮಾತ್ರ ಒಂದಿಷ್ಟೂ ಕದಲಲಿಲ್ಲ. “ಅಪ್ಪಣೆಯಿಲ್ಲದೆ ಸಭೆಯಲ್ಲಿ ಮಾತಾಡಿದವರಾರು?” ಎಂದು ಗುಡುಗಿದ. ಈ ಮಾತು ಪುಸ್ತಕದಲ್ಲಿಲ್ಲ.

ಹೆಡ್‌ಮಾಸ್ಟರು ಸುತ್ತ ನೋಡಿದರು. “ತಪ್ಪಾಯಿತು ಪ್ರಭು” ಎಂದು ಕುಳಿತರು. ಯಾರೂ ನಗಲಿಲ್ಲ. ಯಾಕೆಂದರೆ ರಾಣಿ ಇನ್ನೂ ಸುಮ್ಮನೇ ಇದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು. ರಾಜನ ತಮ್ಮ ಕತ್ತಿ ಕೆಳಗಿಟ್ಟು ಗಡಿಪಾರಿಗೆ ಹೊರಟ. ಗಂಟೆ ಹೊಡೆಯಿತು. ಒಬ್ಬರೂ ಚೀಲಕ್ಕೆ ಕೈಹಾಕಲಿಲ್ಲ.

ಹೆಡ್‌ಮಾಸ್ಟರು ಹೊರಗೆ ಹೋಗಲಿಲ್ಲ. ಮೇಡಂ ಅವರ ಮೇಜಿನ ಮುಂದೆ ಬಂದು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಮೇಡಂ, ಮಕ್ಕಳು ಚೆನ್ನಾಗಿದಾರೆ. ನಿಮ್ಮ ಆರೋಗ್ಯ ಹೇಗಿದೆ?” ಎಂದರು.

ದರ್ಜಿಯ ಮಗಳು ಮುಗುಳ್ನಕ್ಕರು. “ಚೆನ್ನಾಗಿದೀನಿ. ನಿಮಗೆ ಏನ್ಬೇಕು ಸಾರ್?”

“ಗಡಿಪಾರಾದ ಆ ತಮ್ಮ ವಾಪಸ್ ಬರ್ತಾನಾ ಅಂತ ಗೊತ್ತಾಗ್ಬೇಕು” ಎಂದರು ಹೆಡ್‌ಮಾಸ್ಟರು. “ಮುಂದಿನ ಪೀರಿಯಡ್ಡು ಯಾವತ್ತು?”