ಬೆರಿಲ್‌ಗೆ ಸಿಕ್ಕ ಗೇಟು

ಬೆರಿಲ್ ಹಾರ್ಗ್ರೀವ್ಸ್‌ಳ ಹೊಟ್ಟೆಕಿಚ್ಚು ಕ್ಲೆಗ್‌ಡೇಲ್ ಊರಿಗೆಲ್ಲ ಗೊತ್ತಿತ್ತು. ಒಪ್ಪದವಳು ಅವಳೊಬ್ಬಳೇ. ಗಿರಣಿಯಲ್ಲಿ ನನ್ನ ಪಕ್ಕದ ಮಗ್ಗದಲ್ಲಿ ದುಡಿದವಳು, ಆಮೇಲೆ ಕ್ಲೋವರ್ ಬೀದಿಯಲ್ಲಿ ನನ್ನ ಪಕ್ಕದ ಮನೆಗೇ ಬಂದವಳು. ಹೆಂಗಸು ಒಳ್ಳೆಯವಳೇ. ಯಾರಾದರೂ ಕಾಯಿಲೆ ಬಿದ್ದರೆ ಬಿಸಿ ಪೈ ಒಯ್ದು ಕೊಟ್ಟು, ತಿಂದು ಮುಗಿಸುವವರೆಗೂ ಎದುರಿಗೇ ಕೂರುತ್ತಿದ್ದಳು. ಆದರೆ ಓರಗಿತ್ತಿ ಮೇವಿಸ್‌ಳ ಹೆಸರು ಕಿವಿಗೆ ಬಿದ್ದರೆ ಸಾಕು, ಮುಖ ಹುಳ್ಳಗಾಗುತ್ತಿತ್ತು.

ಮೇವಿಸ್ ಇದ್ದದ್ದು ಎರಡು ಬೀದಿ ಆಚೆ, ಬಾರ್ಲಿ ಬೀದಿಯಲ್ಲಿ. ಅಣ್ಣತಮ್ಮಂದಿರಲ್ಲಿ ಚಿಕ್ಕವನಾದ ನಾರ್ಮನ್‌ನನ್ನು ಬೆರಿಲ್ ಕಟ್ಟಿಕೊಂಡಳು, ಅವನ ಅಣ್ಣನನ್ನು ಮೇವಿಸ್. ಬಟ್ಟೆ ಒಗೆಯುವ ಯಂತ್ರ ಮೊದಲು ಬಂದದ್ದು ಮೇವಿಸ್‌ಳ ಮನೆಗೆ. ಮೊಮ್ಮಗ ಮೊದಲು ಹುಟ್ಟಿದ್ದೂ ಅಲ್ಲೇ. ಅವಳು ಕಿಟಕಿಗೆ ಹೊಸ ಪರದೆ ಹಾಕಿಸಿದ ವಾರವೇ ಬೆರಿಲ್‌ಗೆ ತನ್ನ ಪರದೆಗಳು ಹಳತಾಗಿ ಕಾಣಿಸುತ್ತಿದ್ದವು. ಮೇವಿಸ್‌ಗೆ ಇದೆಲ್ಲ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಚೆನ್ನಾಗಿಯೇ ಗೊತ್ತಿತ್ತು, ಅದರಲ್ಲೊಂದು ಸುಖವೂ ಇತ್ತು.

ಒಂದು ವಿಷಯದಲ್ಲಿ ಮಾತ್ರ ಬೆರಿಲ್ ಮೇಲುಗೈ. ಕ್ಲೋವರ್ ಬೀದಿ ಮರ್ಯಾದಸ್ಥರ ಬೀದಿ ಎಂಬ ಹೆಸರು ಉಳಿಸಿಕೊಂಡಿದ್ದಳು. ಹಿತ್ತಲಿಂದ ಸೈಕಲ್ ಹೋದರೂ, ಓಣಿಯಲ್ಲಿ ಒಣಹಾಕಿದ ಹಾಸಿಗೆ ಹೊದಿಕೆ ಮಾಯವಾದರೂ ಪೊಲೀಸರಿಗೆ ಫೋನ್ ಮಾಡುವ ಹಾಗಿಲ್ಲ. ಯಾರಾದರೂ ಫೋನ್ ಎತ್ತಿದರೆ ಇವಳು ಬಾಗಿಲಲ್ಲಿ ಹಾಜರು.

"ಪೊಲೀಸ್ ಗಾಡಿ ಬಂದು ನಿಂತ್ರೆ ಬೀದಿ ಮಾನ ಹರಾಜಾಯ್ತು ಅಂತ ತಿಳ್ಕೊ. ನಾವೇನು ಬಾರ್ಲಿ ಬೀದಿಯೋರಾ, ಬೆಕ್ಕು ಕಸದ ಡಬ್ಬಿ ಉರುಳಿಸಿದ್ರೂ ಪೊಲೀಸರನ್ನ ಕರೆಯೋಕೆ?"

ಮೇವಿಸ್ ನಿಜಕ್ಕೂ ಕರೆಯುತ್ತಿದ್ದಳು, ಬೆಕ್ಕಿಗೂ.

ಹಾಗಿರುವಾಗ ಊರಿನ ಭದ್ರತೆಗೆ, ಹಳೆಯ ಬೀದಿಗಳ ದುರಸ್ತಿಗೆ ಎಂದು ಸರ್ಕಾರದ ಹಣ ಬಂತು. ಮನೆಗಳ ಹಿಂದಿನ ಓಣಿಗೆ ಎರಡೂ ತುದಿಯಲ್ಲಿ ಎತ್ತರದ ಕಬ್ಬಿಣದ ಗೇಟು, ಮನೆಗೊಂದು ಬೀಗದ ಕೈ, ಒಳಗೆ ದೀಪ, ಹೂವಿನ ಕುಂಡ. ನಮ್ಮ ಭಾಗಕ್ಕೆ ಬಂದ ಪಾಲು ಒಂದು ಓಣಿಗಷ್ಟೇ ಸಾಲುತ್ತಿತ್ತು. ಅದು ಕ್ಲೋವರ್ ಬೀದಿಗೇ ಬರಬೇಕೆಂದು ಬೆರಿಲ್ ಹಟ ಹಿಡಿದಳು. ಮನೆಮನೆ ತಿರುಗಿದಳು, ನಗರಸಭೆಯ ಮೆಟ್ಟಿಲು ಹತ್ತಿಳಿದಳು. ಇಷ್ಟೊಂದು ಒದ್ದಾಟ ಮೇವಿಸ್‌ಳನ್ನು ಸೋಲಿಸುವುದಕ್ಕೆಂದೇ ನಾನು ಅಂದುಕೊಂಡಿದ್ದೆ. ಆ ಚಳಿಗಾಲದಲ್ಲಷ್ಟೇ ಬೆರಿಲ್ ಓಣಿಯ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಅಲ್ಲಿಂದಾಚೆ ಕಸ ಹಾಕಲಿಕ್ಕೂ ಓಣಿಗೆ ಕಾಲಿಡದೆ ನಾರ್ಮನ್‌ನನ್ನೇ ಕಳಿಸುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಎಲ್ಲ ಬೀದಿಯವರೂ ಸೇರಿದೆವು. ನಗರಸಭೆಯ ಡಕ್‌ವರ್ತ್ ಎಂಬ ಹುಡುಗುಮುಖದ ಅಧಿಕಾರಿ ಎದ್ದು ನಿಂತ. ಎಲ್ಲಿ ಕಳ್ಳತನ, ಕಾಟ ಹೆಚ್ಚೋ ಆ ಓಣಿಗೇ ಗೇಟು, ಪೊಲೀಸರ ಲೆಕ್ಕವೇ ಆಧಾರ ಎಂದ. ಬಾರ್ಲಿ ಬೀದಿಯಿಂದ ವರ್ಷದಲ್ಲಿ ಮೂವತ್ತಕ್ಕೂ ಮೇಲೆ ದೂರು. "ಕ್ಲೋವರ್ ಬೀದಿ, ಒಂದೂ ಇಲ್ಲ," ಎಂದು ಓದಿದ.

ಆ ಮಾತಿಗೆ ಬೆರಿಲ್ ಬೀಗಿ ಸುತ್ತಲೂ ನೋಡಿದಳು, ಬಹುಮಾನ ಬಂದವಳಂತೆ. ಅರ್ಥವಾದದ್ದು ಆಮೇಲೆ.

"ಅಲ್ಲಪ್ಪಾ, ಇದ್ಯಾವ ನ್ಯಾಯ?" ಎಂದು ಎದ್ದಳು. "ಬಾಯಿ ಬಡ್ಕೊಂಡೋರಿಗೆ ಗೇಟು, ಮಾನವಾಗಿ ಬಾಳಿದೋರಿಗೆ ಚೊಂಬಾ?"

"ದೂರು ಬಂದಿದ್ರೆ ತಾನೇ ಮೇಡಂ ನಮಗೆ ಗೊತ್ತಾಗೋದು?" ಎಂದ ಡಕ್‌ವರ್ತ್.

ಮುಂದಿನ ಸಾಲಿನಿಂದ ಮೇವಿಸ್ ತಿರುಗಿದಳು. "ಬೆರಿಲ್, ಕೂತ್ಕೊಳ್ಳೇ. ನಿಮ್ಮ ಬೀದಿಗೆ ಗೇಟ್ ಯಾಕೆ? ಅಲ್ಲಿ ದೋಚೋಕೆ ಏನಿದೆ ಅಂತ ಕಳ್ಳರು ಬರ್ತಾರೆ? ಬಂದ್ರೂ ನಿನ್ನ ಪರ್ಸ್ ನೋಡಿ, ಪಾಪ ಅಂತ ಅವರೇ ಚಿಲ್ಲರೆ ಹಾಕಿ ಹೋಗ್ತಾರೆ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಬೆರಿಲ್‌ಳ ಕುತ್ತಿಗೆ ಕೆಂಪೇರಿತು.

"ಬಂದಿದ್ರು!" ಎಂದು ಕೂಗಿದಳು. "ನಮ್ಮ ಬೀದಿಗೂ ಬಂದಿದ್ರು ಕಣೇ! ಹಿಂದಿನ ಓಣಿಗೆ ಇಬ್ರು ಬಂದ್ರು. ನನ್ನ ಬ್ಯಾಗು ಕಿತ್ಕೊಂಡ್ರು, ಬಿಡಲ್ಲ ಅಂದಿದ್ದಕ್ಕೆ ನೆಲಕ್ಕೆ ಕೆಡವಿ ಕೈ ಮೇಲೆ ಕಾಲಿಟ್ರು. ಮಂಜುಗಡ್ಡೆನೂ ಇಲ್ಲ, ಜಾರಿದ್ದೂ ಇಲ್ಲ. ನಿನ್ನೊಬ್ಬಳನ್ನೇ ದೋಚೋದು ಅಂದ್ಕೊಂಡಿದ್ಯಾ?"

ನಗು ನಿಂತುಹೋಯಿತು. ನಾರ್ಮನ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಹೆಂಡತಿಯನ್ನೇ ನೋಡುತ್ತಿದ್ದ. ಅವನಿಗೂ ಅವಳು ಮಂಜುಗಡ್ಡೆಯ ಕಥೆಯನ್ನೇ ಹೇಳಿದ್ದಳು. ಆಸ್ಪತ್ರೆಯಲ್ಲಿ ಅವಳ ಪೆಟ್ಟಾಗದ ಕೈ ಹಿಡಿದು ಕೂತಿದ್ದ ನನಗೂ ಹೇಳಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಬೀದಿಯ ಹೆಸರು ಕೆಡುತ್ತದೆ, ಮೇವಿಸ್ ಆಡಿಕೊಂಡು ನಗುತ್ತಾಳೆ ಎಂದು ಅಷ್ಟನ್ನೂ ಒಬ್ಬಳೇ ನುಂಗಿಕೊಂಡಿದ್ದಳು.

ಡಕ್‌ವರ್ತ್ ಗಂಟಲು ಸರಿಮಾಡಿಕೊಂಡ. "ನನಗೆ ತುಂಬಾ ಬೇಜಾರಾಗ್ತಿದೆ ಅಮ್ಮಾ. ಆದ್ರೆ ಆವಾಗ ದೂರು ಬರೆಸಿಲ್ಲ. ಈಗ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಬಾರ್ಲಿ ಬೀದಿಯೋರೇ ಬಿಟ್ಟುಕೊಟ್ರೆ ಮಾತ್ರ..."

ಅವನು ಮಾತು ಮುಗಿಸುವ ಮೊದಲೇ ಮೇವಿಸ್ ಎದ್ದಿದ್ದಳು. ಬಿಕ್ಕಿಬಿಕ್ಕಿ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳುವ ಪರಿವೆಯೂ ಇರಲಿಲ್ಲ. "ನನಗೊಂದು ಮಾತು ಹೇಳಬಾರದಿತ್ತೇನೇ? ನನ್ನ ನಾಲಿಗೆಗಷ್ಟು ಬೆಂಕಿ ಹಾಕ..." ಎಂದವಳು ತನ್ನ ಬೀದಿಯವರ ಕಡೆ ತಿರುಗಿದಳು. "ಗೇಟು ಅವಳಿಗೇ ಹೋಗ್ಲಿ. ನಮ್ಮದು ಮುಂದಿನ ಸಲ ಆಗುತ್ತೆ. ಕೈ ಎತ್ರೋ!"

ಬಾರ್ಲಿ ಬೀದಿಯವರು ಒಬ್ಬೊಬ್ಬರಾಗಿ ಕೈ ಎತ್ತಿದರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮೇವಿಸ್ ಬಂದು ಬೆರಿಲ್‌ಳನ್ನು ತಬ್ಬಿಕೊಂಡಳು. ಬೆರಿಲ್ ಕೋಲಿನ ಹಾಗೆ ನೆಟ್ಟಗೆ ನಿಂತಿದ್ದಳು. ಸುತ್ತ ನೆರೆದವರು "ಎಂಥಾ ದೊಡ್ಡ ಮನಸ್ಸು ಮೇವಿಸ್ ನಿಂದು" ಎಂದು ಅವಳ ಬೆನ್ನು ಸವರುತ್ತಿದ್ದರು.

ಸಭೆ ಮುಗಿದು ಮನೆಗೆ ಹೊರಟಾಗ ನಾರ್ಮನ್ ಮುಂದೆ ನಡೆದ. ನಾನೂ ಬೆರಿಲ್‌ಳೂ ಹಿಂದೆ ಉಳಿದೆವು. ಗೇಟು ಗೆದ್ದ ಹೆಂಗಸಿನ ಮುಖದಲ್ಲಿ ಅಷ್ಟು ಉರಿ ನಾನೆಂದೂ ನೋಡಿರಲಿಲ್ಲ.

"ಕೇಳ್ದ್ಯಾ ಐವಿ, ಆ ಚಪ್ಪಾಳೆ?" ಎಂದಳು. "ಇನ್ನು ಸಾಯೋವರೆಗೂ ಆ ಬೀಗ ತೆಗೆಯೋವಾಗೆಲ್ಲ ಅವಳಿಗೆ ಥ್ಯಾಂಕ್ಸ್ ಹೇಳ್ಬೇಕು ನಾನು. ಕೈ ಮುರಿದದ್ದು ನಂದು. ನಾನು ಇವತ್ತಿನವರೆಗೂ ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಮೊದಲು ಅತ್ತೋಳು ಅವಳು!"

ಅಷ್ಟು ಹೊತ್ತಿಗೆ ನಮ್ಮ ಓಣಿಯ ಬಾಯಿ ಬಂತು. ಹಾಡಹಗಲು, ಒಳಗೆ ಯಾರೂ ಇರಲಿಲ್ಲ. ಬೆರಿಲ್ ಓರಗಿತ್ತಿಯನ್ನು ಬೈಯುತ್ತಲೇ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಆ ಓಣಿಯ ಬಾಯಿ ದಾಟುವವರೆಗೂ ಬಿಡಲಿಲ್ಲ.