ಮಲ್ಲಪ್ಪನ ಕುಣಿತ, ನನ್ನ ಹೆಸರು

ಸ್ವಾತಿ, ನಾನು ಜೀವನದಲ್ಲಿ ಒಂದು ದಿನವೂ ಬ್ರೇಕ್ ಡಾನ್ಸ್ ಮಾಡಿದವನಲ್ಲ. ನಿಮಗೆಲ್ಲ ಗುರುವಾಗಿ ಕೂತದ್ದು ಸುಳ್ಳು. ಆ ಜಾಗದಲ್ಲಿ ಕೂತೇ ನಿನ್ನ ಕುಣಿತವನ್ನು ನಕಲಿ ಎಂದೆ.

ವಡಾಲದ ನಮ್ಮ ಹೋಟೆಲಿನ ಗೋಡೆಯ ಮೇಲಿನ ಫೋಟೋ ನೋಡಿ ನೀವು ಬೊರಿವಲಿಯ ಮಕ್ಕಳು ಎಷ್ಟು ಸಂಭ್ರಮಪಟ್ಟಿರಿ! ಎಂಬತ್ತರ ದಶಕದ ಹುಡುಗರು, ಹಣೆಗೆ ಪಟ್ಟಿ, ಕೈಗೆ ಬಿಳಿ ಗ್ಲೌಸು, ನಡುವೆ ನಾನು. "ಅಂಕಲ್, ಯೇ ಆಪ್ ಹೋ?" ಎಂದು ನೀನು ಕೇಳಿದೆ. ಹೌದು ಎಂದೆ. ಅಷ್ಟು ನಿಜ. ಆ ಪಟ್ಟಿ ಫೋಟೋಗೆಂದು ಮಲ್ಲಪ್ಪನಿಂದ ಇಸಿದುಕೊಂಡದ್ದು ಎಂದು ಆಗಲೇ ಹೇಳಬೇಕಿತ್ತು — ಹೇಳಲಿಲ್ಲ.

ಮಲ್ಲಪ್ಪ ವಿಜಯಪುರದ ಕಡೆಯವನು. ಅಪ್ಪ-ಅವ್ವ ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಚಾಳಿನ ಅಂಗಳದಲ್ಲಿ ರಟ್ಟು ಹಾಸಿ, "ನೀ ಟೇಪ್ ಹಚ್ಚಲೇ, ಉಳಿದದ್ದು ನನಗ ಬಿಡು" ಎನ್ನುತ್ತಿದ್ದ. ತಲೆಯ ಮೇಲೆ ಬುಗುರಿಯಂತೆ ತಿರುಗುತ್ತಿದ್ದ. ಬಿದ್ದೇನೆಂಬ ಹೆದರಿಕೆಯಿಂದ ನಾನು ಟೇಪ್ ರೆಕಾರ್ಡರ್ ಹಿಡಿದೇ ನಿಂತಿರುತ್ತಿದ್ದೆ. ನೀವು ಬರುವಷ್ಟರಲ್ಲಿ ಅವನು ತೀರಿಕೊಂಡು ಬಹಳ ವರ್ಷವಾಗಿತ್ತು. ಕೇಳುವವರಿಲ್ಲವೆಂಬ ಧೈರ್ಯ. ಅವನ ಕತೆಗಳನ್ನೆಲ್ಲ ನನ್ನವೆಂದು ಹೇಳಿದೆ. ನೀವು ಕಣ್ಣರಳಿಸಿ ಕೇಳುವಾಗ ಅದೆಷ್ಟು ಹಿತವಾಗಿತ್ತೆಂದರೆ —

ನೀವೂ ಪಟ್ಟಿ, ಗ್ಲೌಸು ತೊಟ್ಟಿರಿ; ಆದರೆ ಬರೀ ಹಳೆಯ ಕಾಲದ ವೇಷ ಹಾಕಿ ಫೋಟೋ ತೆಗೆಸಿಕೊಳ್ಳಲು ಬಂದವರಲ್ಲ. ನಿಮ್ಮ ಬಿಲ್ಡಿಂಗಿನ ತಾರಸಿಯಲ್ಲಿ ಮೊಣಕೈ ಸುಲಿಸಿಕೊಂಡು, ಬಿದ್ದು, ನಕ್ಕು, ಮತ್ತೆ ಎದ್ದು ಕಲಿತಿರಿ. ಒಂದು ಭಾನುವಾರ ನೀನು ಅದರೊಳಗೆ ಹುಲಿವೇಷದ ಹೆಜ್ಜೆ ತಂದೆ. ಉಡುಪಿಯ ಅಜ್ಜಿಮನೆಯಲ್ಲಿ ನೋಡಿದ್ದಂತೆ. ಮೈ ಬಗ್ಗಿಸಿ ಹೊಂಚುತ್ತ ಬಂದವಳು ಒಮ್ಮೆಲೇ ನೆಲಕ್ಕೆ ಕೈಯೂರಿ ಗಿರ್ರೆಂದು ತಿರುಗಿದೆ. ನನ್ನ ಮೈ ಜುಮ್ಮೆಂದಿತು. ಮಲ್ಲಪ್ಪನನ್ನು ಮೊದಲ ಸಲ ನೋಡಿದಾಗಲೂ ಹೀಗೇ ಆಗಿತ್ತು. ಅವನೂ ಯಾವುದೋ ವಿಡಿಯೋ ಕ್ಯಾಸೆಟ್ ನೋಡಿ ಕಲಿತು, ಅದಕ್ಕೆ ತನ್ನೂರಿನ ಕುಸ್ತಿಯ ಪಟ್ಟು ಸೇರಿಸಿದವನೇ.

ಏದುಸಿರು ಬಿಡುತ್ತ ನೀನು ಕೇಳಿದೆ: "ಬರಾಬರ್ ಆಯ್ತಾ ಅಂಕಲ್? ನೀವು ಒಮ್ಮೆ ಮಾಡಿ ತೋರ್ಸಿ ನಾ."

ಎಲ್ಲರೂ ನನ್ನ ಕಡೆ ತಿರುಗಿದರು.

"ಇದು ಅಸಲಿ ಅಲ್ಲ ಮಾರಾಯ್ತಿ," ಎಂದೆ. "ಪಟ್ಟಿ ಕಟ್ಟಿದ ಕೂಡ್ಲೆ ಆ ಕಾಲ ಬರ್ತದಾ? ಇದು ಫ್ಯಾನ್ಸಿ ಡ್ರೆಸ್."

ನೀನು ಗ್ಲೌಸು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಕೆಳಗಿಳಿದು ಹೋದೆ. ಮತ್ತೆ ಬರಲಿಲ್ಲ.

ವರ್ಷಗಳ ಮೇಲೆ ಮೊನ್ನೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನೀನೇ ಗುರುತು ಹಿಡಿದು ನಿಲ್ಲಿಸಿದೆ. ಡಾನ್ಸ್ ಬಿಟ್ಟೆಯಾ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕೆ. "ನಿಮ್ದು ಮಾತು ಸಹೀ ಇತ್ತು ಅಂಕಲ್. ನನಗೆ ಬರ್ತಾನೇ ಇರ್ಲಿಲ್ಲ. ಅಚ್ಛಾ ಹುವಾ, ಯಾರೋ ಒಬ್ರು ಹೇಳಿದ್ರು."

ಭಾನುವಾರ ತಾರಸಿಗೆ ಹೋಗಿ, ಇನ್ನೂ ಕುಣಿಯುತ್ತಿರುವ ನಿನ್ನ ಗೆಳೆಯರ ಮುಂದೆ ಎಲ್ಲವನ್ನೂ ಹೇಳಿದೆ, ಮಲ್ಲಪ್ಪನ ಹೆಸರನ್ನೂ ಹೇಳಿದೆ. ಒಬ್ಬ ಎದ್ದು ಹೋದ. ಉಳಿದವರು ನನಗೆ ಕೂರಲು ಹೇಳಲಿಲ್ಲ. ಅದು ಸರಿಯೇ.

ಕ್ಷಮಿಸು ಎಂದು ಕೇಳಲಾರೆ. ಇಷ್ಟು ಮಾತ್ರ ನಿನಗೆ ತಿಳಿದಿರಲಿ. ಆ ತಾರಸಿಯ ಮೇಲಿದ್ದವರಲ್ಲಿ ಅಸಲಿ ಯಾವುದೆಂದು ಕಣ್ಣಾರೆ ಕಂಡಿದ್ದವನು ನಾನೊಬ್ಬನೇ. ನೀನು ತಿರುಗಿದ ಆ ಕ್ಷಣವೇ ನಾನು ಅದನ್ನು ನಿನ್ನಲ್ಲಿ ಗುರುತಿಸಿದ್ದೆ.